ದೊಡ್ಡ ಸೊಸೆಗೂ ತುರಿಕೆ

ಮನೆಯಲ್ಲಿ ಇಬ್ಬರು ಸೊಸೆಯರೂ ಬಸುರಿಯರು. ತುರಿಕೆ ಮಾತ್ರ ಚಿಕ್ಕವಳೊಬ್ಬಳಿಗೇ. ದೊಡ್ಡ ಸೊಸೆಯ ಹೊಟ್ಟೆ ಉರಿಯಲು ಅಷ್ಟು ಸಾಕಾಯಿತು.

ಬೆಳಗಾದರೆ ಅತ್ತೆ ಎಣ್ಣೆ ಬಟ್ಟಲು ಹಿಡಿದು ಚಿಕ್ಕವಳ ಹೊಟ್ಟೆಗೆ ಬೆಣ್ಣೆ ಸವರಿದ ಹಾಗೆ ಸವರುತ್ತಿದ್ದರು. ಫ್ಯಾನಿನ ಕೆಳಗಿನ ಮಂಚ ಅವಳಿಗೆ, ಸಡಿಲವಾದ ಹತ್ತಿ ಬಟ್ಟೆ ಅವಳಿಗೆ. ದೊಡ್ಡವಳಿಗೆ ಒಲೆಯ ಮುಂದಿನ ಜಾಗ. ಅವಳ ಚರ್ಮವೋ, ಇಸ್ತ್ರಿ ಮಾಡಿದ ಹಾಗೆ ನುಣ್ಣಗೆ. ಎಷ್ಟು ಬೇಡಿಕೊಂಡರೂ ಒಂದು ಕಡೆಯೂ ತುರಿಸದು.

ಆ ದಿನ ಚಿಕ್ಕವಳು ಒಳಗೆ ಮಲಗಿದ್ದಾಗ ಪಕ್ಕದ ಮನೆಯ ನರ್ಸಮ್ಮ ಬಂದು, ಅವಳ ತುರಿಕೆಯ ವಿಷಯ ಕೇಳಿ ಅತ್ತೆಗೆ ಹೇಳಿದರು: "ಹೊಟ್ಟೆ ದೊಡ್ಡದಾಗ್ತಾ ಚರ್ಮ ಎಳೆದು ತುರಿಸುತ್ತೆ, ಅದಕ್ಕೆ ಎಣ್ಣೆ ಸಾಕು. ಅಂಗೈ, ಅಂಗಾಲು ತುರಿಸಿದ್ರೆ ಮಾತ್ರ ಡಾಕ್ಟರ ಹತ್ರ ಓಡಬೇಕು. ಲಿವರ್ ತೊಂದರೆ ಇರಬಹುದು."

ದೊಡ್ಡವಳ ಕಿವಿ ನೆಟ್ಟಗಾಯಿತು. ತೊಳೆಯುತ್ತಿದ್ದ ಲೋಟ ಬಿಟ್ಟು, "ಅಯ್ಯೋ ಅತ್ತೇ, ಅಂಗೈ! ಅಂಗಾಲು!" ಎಂದು ಕಂಬಕ್ಕೆ ಮೈ ತಿಕ್ಕುವ ಎಮ್ಮೆಯಂತೆ ಬಾಗಿಲಿಗೆ ಪಾದ ಉಜ್ಜತೊಡಗಿದಳು.

"ಏನೇ ಇದು, ಇಷ್ಟು ದಿನ ಬಾಯಿ ಬಿಡಬಾರದಿತ್ತಾ!"

ಅತ್ತೆ ಗಾಬರಿಯಿಂದ ಆಟೋ ಕರೆಸಿದರು. ಮನೆಯಲ್ಲಿ ಒಬ್ಬಳನ್ನೇ ಬಿಡಲಾಗದೆ ಚಿಕ್ಕವಳನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಅವರು ಹಿಡಿದಿದ್ದದ್ದು ಮಾತ್ರ ದೊಡ್ಡವಳ ಕೈ. ಅವಳಿಗೆ ಸ್ವರ್ಗ ಮೂರೇ ಗೇಣು.

"ರಾತ್ರಿ ಜಾಸ್ತಿನಾ?" ಡಾಕ್ಟರಮ್ಮ ಕೇಳಿದರು.

"ಕಣ್ಣೇ ಮುಚ್ಚಲ್ಲ ಮೇಡಂ!"

ಪಕ್ಕದಲ್ಲಿದ್ದ ಚಿಕ್ಕವಳು ಮೆಲ್ಲಗೆ, "ಅಕ್ಕಾ, ನಿಮಗೂನಾ? ನನಗೂ ಅಂಗಾಲೇ ಜಾಸ್ತಿ. ಅತ್ತೆ ಕೈಲಿ ಕಾಲಿಗೆ ಎಣ್ಣೆ ಹಚ್ಚಿಸ್ಕೊಳ್ಳೋದು ಹೇಗೆ ಅಂತ ಬರೀ ಹೊಟ್ಟೆ ಅಂದಿದ್ದೆ" ಎಂದಳು.

ಇಬ್ಬರಿಗೂ ಸೂಜಿ ಚುಚ್ಚಿ ಪರೀಕ್ಷೆಗೆ ರಕ್ತ ತೆಗೆದರು. ಸಂಜೆ ವರದಿ ಬಂತು. ದೊಡ್ಡವಳಿಗೆ ಏನೂ ಇಲ್ಲ. ತೊಂದರೆ ಇದ್ದದ್ದು ಚಿಕ್ಕವಳ ಲಿವರಿನಲ್ಲಿ.

"ಬೇಗ ಗೊತ್ತಾಗಿದ್ದು ಒಳ್ಳೇದಾಯ್ತು. ಮಗು ಚೆನ್ನಾಗಿದೆ. ಮಾತ್ರೆ ತಪ್ಪಿಸಬೇಡಿ, ಕರೆದಾಗೆಲ್ಲ ಪರೀಕ್ಷೆಗೆ ಬನ್ನಿ" ಎಂದರು ಡಾಕ್ಟರಮ್ಮ.

ಮನೆಗೆ ಬಂದೊಡನೆ ಚಿಕ್ಕವಳು ದೊಡ್ಡವಳನ್ನು ತಬ್ಬಿಕೊಂಡು ಅತ್ತಳು. "ಅಕ್ಕಾ, ನೀವು ಬಾಯಿ ಬಿಡದೇ ಇದ್ದಿದ್ರೆ ನನ್ನ ಕೂಸಿನ ಗತಿ ಏನಾಗ್ತಿತ್ತೋ!"

ದೊಡ್ಡವಳಿಗೆ ನಿಜ ಹೇಳುವ ಹಾಗೂ ಇಲ್ಲ, ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡುವ ಹಾಗೂ ಇಲ್ಲ.

ಅತ್ತೆ ಕಣ್ಣೊರೆಸಿಕೊಂಡು ಡಾಕ್ಟರಮ್ಮ ಬರೆದುಕೊಟ್ಟಿದ್ದ ತಂಪು ಲೋಷನ್ನಿನ ಸೀಸೆಯನ್ನು ದೊಡ್ಡವಳ ಕೈಗಿಟ್ಟರು. "ನನ್ನ ಮುಂದೆ ಕಾಲು ಚಾಚೋಕೆ ಅವಳಿಗೆ ಸಂಕೋಚ ಕಣೇ. ನೀನು ಅಕ್ಕ ಅಲ್ವಾ? ನಿನ್ನ ಮೈಯೂ ಗಟ್ಟಿಯಾಗಿದೆ ಅಂದ್ರಲ್ಲ ಡಾಕ್ಟರು. ಇನ್ಮೇಲೆ ದಿನಾ ನೀನೇ ಹಚ್ಚು."

ಫ್ಯಾನಿನ ಕೆಳಗಿನ ಮಂಚದಿಂದ ಎರಡು ಪಾದಗಳು ದೊಡ್ಡವಳ ಮಡಿಲಿಗೆ ಬಂದು ಕೂತವು.

"ಅಲ್ಲಲ್ಲ ಅಕ್ಕಾ, ಇನ್ನೂ ಸ್ವಲ್ಪ ಕೆಳಗೆ."