ಲುಡ್ವಿಕ್‌ನ ಹಿತ್ತಲಿನ ಪರಂಪರೆ

ಹಿತ್ತಲಿನ ಮರದ ಕಕ್ಕಸನ್ನು ಕೆಡವಲು ಲುಡ್ವಿಕ್ ಹೊರಟಿದ್ದೇ ತಪ್ಪಾಯಿತು. ವಯಸ್ಸು ಎಪ್ಪತ್ತೆರಡು, ಮಂಡಿ ಮಾತು ಕೇಳುತ್ತಿರಲಿಲ್ಲ. ಹೋದ ಚಳಿಗಾಲ ಕಕ್ಕಸಿನ ದಾರಿಯ ಹಿಮದಲ್ಲಿ ಜಾರಿ, ಪಾದ್ರಿಗಳು ಬಂದು ಎಬ್ಬಿಸುವವರೆಗೆ ಮಗುಚಿಬಿದ್ದ ಜೀರುಂಡೆಯಂತೆ ಕೈಕಾಲು ಆಡಿಸಿದ್ದ. ಈ ಸಲ ಹಿಮಕ್ಕೆ ಮೊದಲೇ ಮನೆಯೊಳಗೆ ಕಮೋಡು ಕೂರಿಸಬೇಕು. ಕೊಳವೆ ಹಾಕಲು ಶನಿವಾರ ಬೆಳಿಗ್ಗೆಯೇ ಪ್ಲಂಬರ್ ಚೆಶೆಕ್ ಬಂದಿದ್ದ.

ಕೊಡಲಿಯ ಮೊದಲ ಏಟಿಗೇ ಬೇಲಿಯಾಚೆ ಪಕ್ಕದ ಮನೆಯ ಗೆನೊವೆಫಾಳ ತಲೆ ಎದ್ದಿತು.

"ಲುಡ್ವಿಕ್ ಅವರೇ! ಯುದ್ಧದಲ್ಲಿ ನಮ್ಮಪ್ಪ ಮೂರು ದಿನ ಬಚ್ಚಿಟ್ಕೊಂಡಿದ್ದು ಅದರೊಳಗೇ ಕಣ್ರೀ!"

"ನಿಮ್ಮಪ್ಪಂಗೆ ಹೊಟ್ಟೆ ಕೆಟ್ಟಿತ್ತು ಅಂತ ನಮ್ಮಪ್ಪ ಹೇಳ್ತಿದ್ರು, ಗೆನೊವೆಫಾ ಅವರೇ."

ಅವಳು ಮುಖ ಕೆಂಪಗೆ ಮಾಡಿಕೊಂಡು ಹೋದವಳು ಅರ್ಧ ಮೊಕ್ರಾವೆಕ್ ಊರನ್ನೇ ಎಬ್ಬಿಸಿ ತಂದಳು. ಗುಂಪಿನ ಮುಂದೆ ಊರಿನ ಮ್ಯೂಸಿಯಂ ನೋಡಿಕೊಳ್ಳುವ ನಿವೃತ್ತ ಮೇಷ್ಟ್ರು ಎಡ್ಮಂಡ್. ಆತ ಟೋಪಿ ತೆಗೆದು ಕಕ್ಕಸಿಗೆ ಒಂದು ಸುತ್ತು ಬಂದ.

"ಯುದ್ಧಕ್ಕೆ ಮುಂಚೆ ಸರ್ಕಾರ ಮನೆಗೊಂದು ಕಟ್ಟಿಸಿತ್ತಲ್ಲ, ಆ ಕಾಲದ್ದು! ಊರಲ್ಲಿ ಉಳಿದಿರೋದು ಇದೊಂದೇ."

"ಉಳಿದಿರೋದು ನನ್ನ ಬಡತನದಿಂದ, ಮೇಷ್ಟ್ರೇ."

"ನಮ್ಮ ಕೋಟೆ ಸ್ವೀಡನ್ನಿನವರು ಸುಟ್ರು. ಚರ್ಚು ರಷ್ಯದವರು ಸುಟ್ರು. ಪುರಭವನ ಜರ್ಮನ್ನರು ಸುಟ್ರು. ಇದನ್ನ ನೀವು ಬೀಳಿಸ್ತೀರಾ?"

ನಾಲ್ಕನೆಯ ದಂಡು ಇದೇ ಎನ್ನುವಂತೆ ಊರೆಲ್ಲ ಅವನನ್ನು ದುರುಗುಟ್ಟಿ ನೋಡಿತು. ಲುಡ್ವಿಕ್ ಕೊಡಲಿ ಬಿಸಾಕಿದ.

"ಹಾಗಾದ್ರೆ ಹೊತ್ಕೊಂಡ್ ಹೋಗ್ರಪ್ಪ! ನನಗೆ ಕಮೋಡ್ ಇದೆ."

ಊರು ಅದನ್ನೇ ಹಿಡಿದುಕೊಂಡಿತು. ಅಗ್ನಿಶಾಮಕ ದಳದವರು ತಮ್ಮ ಬ್ಯಾಂಡಿನೊಂದಿಗೆ ಬಂದರು. ಎಂಟು ಜನ ಹೆಗಲು ಕೊಟ್ಟರು, ಹುರುಪಿನಲ್ಲಿ ಚೆಶೆಕ್ ಕೂಡ. ಗೆನೊವೆಫಾ ಹೂ ಹಿಡಿದು, ಅಪ್ಪನ ಶವವೇ ಹೋಗುತ್ತಿದೆಯೇನೋ ಎಂಬಂತೆ ಮುಂದೆ ಅಳುತ್ತಾ ನಡೆದಳು. ಮ್ಯೂಸಿಯಂ ಅಂಗಳದಲ್ಲಿ ಮೇಯರ್ ರಿಬ್ಬನ್ ಕತ್ತರಿಸಿ ಲುಡ್ವಿಕ್‌ನನ್ನು ತಬ್ಬಿಕೊಂಡರು. ಹುಟ್ಟಿದಾರಭ್ಯ ಯಾರೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ. ಅವನ ಕಣ್ಣೂ ಒದ್ದೆಯಾಯಿತು. ಬೀಟ್‌ರೂಟ್ ಸೂಪು, ಎಲೆಕೋಸಿನ ಕಡುಬು, ಚೆರಿ ಮದ್ಯ, ಬೇಡ ಬೇಡವೆಂದರೂ ತಿನ್ನಿಸಿದರು, ಕುಡಿಸಿದರು.

ಸಂಜೆ ಮನೆಗೆ ಬಂದರೆ ಹಿತ್ತಲಿನ ಗುಂಡಿಯನ್ನು, ಯಾರಾದರೂ ಬಿದ್ದಾರೆಂದು, ಅಗ್ನಿಶಾಮಕದವರು ಸುಣ್ಣ ಮಣ್ಣು ಸುರಿದು ಮುಚ್ಚಿದ್ದರು. ಕಮೋಡು ಇನ್ನೂ ಅಡುಗೆಮನೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೇ ಇತ್ತು. ಬಾಗಿಲಲ್ಲಿ ಚೆಶೆಕ್‌ನ ಹೆಂಡತಿ.

"ನಿಮ್ಮ ಚರಿತ್ರೆ ಹೊತ್ತು ನಮ್ಮೋರ ಸೊಂಟ ಹಿಡ್ಕೊಂಡಿದೆ. ಮೂರು ವಾರ ಏಳೋ ಹಂಗಿಲ್ವಂತೆ."

ಅಷ್ಟರಲ್ಲಿ ಹೊಟ್ಟೆಯೊಳಗೆ ಸೂಪಿಗೂ ಮದ್ಯಕ್ಕೂ ಜಗಳ ಹತ್ತಿತು. ಗೆನೊವೆಫಾಳ ಬಾಗಿಲು ಬಡಿದ, ಬೀಗ. ಬೀದಿಯೆಲ್ಲ ಬೀಗ, ಊರೆಲ್ಲ ಚೌಕದಲ್ಲಿ ಕುಣಿಯುತ್ತಿತ್ತು. ಲುಡ್ವಿಕ್ ಮಂಡಿನೋವು ಮರೆತು ಮ್ಯೂಸಿಯಂ ಕಡೆ ಓಡಿದ. ಅವನದೇ ಕಕ್ಕಸು ಅಂಗಳದಲ್ಲಿ ಹೂಮಾಲೆ ಹಾಕಿಕೊಂಡು ನಿಂತಿತ್ತು. ಎಡ್ಮಂಡ್ ಗೇಟಿಗೆ ಬೀಗ ಜಡಿಯುತ್ತಿದ್ದ.

"ಮೇಷ್ಟ್ರೇ, ಒಂದೇ ಒಂದ್ ನಿಮಿಷ! ಒಳಗೆ ಬಿಡಿ!"

ಎಡ್ಮಂಡ್ ಟೋಪಿ ತೆಗೆದ. ಲುಡ್ವಿಕ್‌ನ ಹೆಗಲ ಮೇಲೆ ಕೈಯಿಟ್ಟ.

"ನೋಡಿದ್ರಾ, ನಿಮಗೂ ಬಿಟ್ಟಿರೋಕಾಗ್ತಿಲ್ಲ. ಆದ್ರೆ ಭಾನುವಾರ, ಸೋಮವಾರ ನಮಗೆ ರಜ. ಮಂಗಳವಾರ ಹತ್ತು ಗಂಟೆಗೆ ಬನ್ನಿ, ಕಣ್ತುಂಬಾ ನೋಡಿ. ನಿಮಗೆ ಟಿಕೆಟ್ಟೇ ಬೇಡ!"