ಮೊಳೆಯಿಲ್ಲದ ಅಟ್ಟಣೆ

ಎಂಜಿನಿಯರ್ ಸಾಹೇಬರ ಅಂಗಾಲಿಗೆ ಮೊಳೆ ಚುಚ್ಚಿದ್ದು ಹೋದ ವರ್ಷ. ಅದರ ನೋವು ಜಯರಾಮಯ್ಯನಿಗೆ ಶುರುವಾದದ್ದು ಈ ವರ್ಷ.

ತುಮಕೂರಿನ ಅವರ ಆಫೀಸಿನವರು ವರ್ಷಕ್ಕೊಂದು ನಾಟಕ ಆಡುತ್ತಿದ್ದರು. ದುರ್ಯೋಧನನ ಪಾರ್ಟು ಯಾವಾಗಲೂ ಸಾಹೇಬರದೇ. ಹೋದ ಸಲ ಗದೆ ಹೊತ್ತು ಗರ್ಜಿಸುತ್ತಾ ಬಂದವರು, ಅಟ್ಟಣೆಯ ಹಲಗೆಯಿಂದ ತಲೆ ಎತ್ತಿದ್ದ ಮೊಳೆಯನ್ನು ತುಳಿದು, ಭೀಮ ಬರುವ ಮೊದಲೇ ಕೂತುಬಿಟ್ಟಿದ್ದರು. ಮಾರನೆಯ ದಿನ ಅವರು ಕುಂಟುತ್ತಾ ಆಫೀಸಿಗೆ ಬಂದಾಗ, ನಕ್ಷೆ ಬರೆಯುವ ಜಯರಾಮಯ್ಯ ಸುಮ್ಮನಿರಲಾರದೆ, ಮೊಳೆಯೇ ಬೇಡದ, ಒಂದಕ್ಕೊಂದು ಕಚ್ಚಿಕೊಂಡು ನಿಲ್ಲುವ ಹಲಗೆಗಳ ಅಟ್ಟಣೆ ಮಾಡಬಹುದು ಎಂದುಬಿಟ್ಟ. ಸಾಹೇಬರು "ಮಾಡಿ" ಎಂದರು. ಆ ಎರಡಕ್ಷರ ವರ್ಷವಿಡೀ ಅವನ ನಿದ್ದೆ ತಿಂದಿತು.

ಕೊನೆಗೆ ಅವನು ಮಾಡಿಸಿದ್ದು ಎರಡು ಬಗೆಯ ಉದ್ದುದ್ದ ಹಲಗೆ. ಒಂದು ಬಗೆಗೆ ಎರಡೂ ಅಂಚಿನಲ್ಲಿ ಉದ್ದಕ್ಕೂ ನಾಲಿಗೆ. ಇನ್ನೊಂದಕ್ಕೆ ಆ ನಾಲಿಗೆ ತೂರುವ ಬಾಯಿ. ಮೊದಲನೆಯದನ್ನು ಗಂಡು, ಎರಡನೆಯದನ್ನು ಹೆಣ್ಣು ಎಂದು ಬಡಗಿ ಕರೆದ. ಒಂದು ಗಂಡು, ಒಂದು ಹೆಣ್ಣು ಎಂದು ಒಂದೇ ತುದಿಯಿಂದ ಸಾಲಾಗಿ ತಳ್ಳುತ್ತಾ ಬಂದರೆ ಅಟ್ಟಣೆ ಸಿದ್ಧ. ಮನೆಯ ಹಿತ್ತಲಲ್ಲಿ ಅವನೊಬ್ಬನೇ ಕೂರಿಸಿ ನೋಡಿದಾಗ ಸಲೀಸಾಗಿ ಕೂತಿತ್ತು.

ಈ ವರ್ಷದ ನಾಟಕ ಗುಬ್ಬಿಯಲ್ಲಿ. ನಿಟ್ಟೂರಿನ ದಾರಿಯಲ್ಲಿ ಕಟ್ಟಿದ ಹೊಸ ಸೇತುವೆಯ ಪ್ರಾರಂಭೋತ್ಸವಕ್ಕೆ ಬೆಂಗಳೂರಿನಿಂದ ದೊಡ್ಡ ಎಂಜಿನಿಯರು ಬರುವವರಿದ್ದರು. ಸಂಜೆ ಅವರ ಮುಂದೆ ಆಟ. ಬೆಳಿಗ್ಗೆ ಹಲಗೆ ತುಂಬಿದ ಲಾರಿಯಲ್ಲಿ ಹೊರಟಾಗ, ಹೆಡ್ ಕ್ಲಾರ್ಕ್ ವೀರಭದ್ರಯ್ಯನವರು ಜಯರಾಮಯ್ಯನ ಕಿವಿಯ ಹತ್ತಿರ ಬಾಗಿದರು.

"ನಿಮ್ಮನ್ನ ಪಾವಗಡಕ್ಕೆ ಹಾಕಿದಾರೆ ಕಣ್ರೀ. ವರ್ಗದ ಆರ್ಡರ್ ಟೈಪ್ ಆಗಿದೆ. ಸಾಹೇಬ್ರು ಮಾತ್ರ ಯಾಕೋ ಸಹಿ ಹಾಕ್ದೆ ಇಟ್ಕೊಂಡಿದಾರೆ. ಇವತ್ತು ಅಟ್ಟಣೆ ಹೇಗೆ ಕೂರತ್ತೋ ನೋಡಿ ತೀರ್ಮಾನ ಮಾಡ್ತಾರೆ ಅಂತ ನನ್ ಲೆಕ್ಕ."

ಜಯರಾಮಯ್ಯನ ಹೆಂಡತಿ ಕೌಸಲ್ಯ ತುಂಬಿದ ಬಸುರಿ. ಅವಳ ತಾಯಿ ಅಲಮೇಲಮ್ಮ ಇರುವುದು ಹಿಂದಿನ ಬೀದಿಯಲ್ಲೇ. ಕರೆದರೆ ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟು ಹತ್ತಿರ. ಇವರನ್ನೆಲ್ಲ ಬಿಟ್ಟು ಆ ಬಿಸಿಲಿನ ಊರಿಗೆ ಹೋಗುವುದೆಂದರೆ? ಗುಬ್ಬಿ ಬರುವವರೆಗೂ ಅವನು ಹಲಗೆಗಳನ್ನು ಮಕ್ಕಳ ಬೆನ್ನು ಸವರಿದ ಹಾಗೆ ಸವರುತ್ತಾ ಕೂತಿದ್ದ.

ನಾಟಕದ ಜಾಗ ಅಣ್ಣಯ್ಯಪ್ಪನ ಅಕ್ಕಿ ಗಿರಣಿಯ ಅಂಗಳ. ಅಣ್ಣಯ್ಯಪ್ಪ ಧಾರಾಳಿ; ಜಾಗ ಕೊಟ್ಟಿದ್ದ, ತಿಂಡಿ ಕೊಟ್ಟ, ಸಲಹೆಯಂತೂ ಕೇಳುವ ಮೊದಲೇ ಕೊಡುತ್ತಿದ್ದ. ತೊಲೆಗಳನ್ನು ಮಟ್ಟ ಮಾಡಿಸಿ ಜಯರಾಮಯ್ಯ ಮೊದಲ ಹಲಗೆ ಎತ್ತುವಷ್ಟರಲ್ಲಿ ವೀರಭದ್ರಯ್ಯನವರು, ದೊಡ್ಡ ಎಂಜಿನಿಯರ ಕುರ್ಚಿ ಎಲ್ಲಿ ಹಾಕಬೇಕು ಎಂದು ಸಾಹೇಬರನ್ನು ಕೇಳಲು ಅವನನ್ನು ಪ್ರವಾಸಿ ಬಂಗಲೆಗೆ ಎಳೆದುಕೊಂಡು ಹೋದರು. ನಾನು ಬರುವ ತನಕ ಯಾರೂ ಮುಟ್ಟಬೇಡಿ ಎಂದು ಅವನು ಹೇಳಿಯೇ ಹೋದ. ಹಾಗೆ ಹೇಳಿದ್ದೇ ತಪ್ಪಾಯಿತು.

ಅವನು ತಿರುಗಿ ಬರುವ ಹೊತ್ತಿಗೆ ಸ್ಟೋರ್‌ಕೀಪರ್ ರುದ್ರಯ್ಯ ಒಂದು ತುದಿಯಿಂದಲೂ, ಅಣ್ಣಯ್ಯಪ್ಪನ ಆಳುಗಳು ಇನ್ನೊಂದು ತುದಿಯಿಂದಲೂ ಹಲಗೆ ಜೋಡಿಸುತ್ತಾ ಬಂದು ನಡುವೆ ಎದುರಾಗಿದ್ದರು. ಉಳಿದಿದ್ದದ್ದು ಒಂದೇ ಹಲಗೆಯ ಜಾಗ. ಪಕ್ಕದಿಂದ ತೂರಬೇಕಾದ ಹಲಗೆಗೆ ಎರಡು ಪಕ್ಕವೂ ಮುಚ್ಚಿಹೋಗಿತ್ತು; ತುದಿಯಿಂದ ಉದ್ದಕ್ಕೆ ತೂರಿದರೆ ಅರ್ಧದಲ್ಲೇ ಕಚ್ಚಿಕೊಳ್ಳುತ್ತಿತ್ತು.

"ನಾಲ್ಕು ಹೆಣ್ಮಕ್ಕಳ ಮದ್ವೆ ಮಾಡಿವ್ನಿ ಸ್ವಾಮಿ, ಚಪ್ಪರದ ಕೆಲಸ ನಂಗೊತ್ತು," ಎಂದ ಅಣ್ಣಯ್ಯಪ್ಪ. "ಮರ ಒಣಗ್ಯದೆ, ಅದ್ಕೇ ಮೊಂಡಾಟ ಆಡ್ತದೆ. ನೀರು ಬುಟ್ರೆ ಮೆತ್ತಗಾಯ್ತದೆ ಬುಡಿ."

ಜಯರಾಮಯ್ಯ ಬೇಡವೆನ್ನುವಷ್ಟರಲ್ಲಿ ಕೊಡಗಟ್ಟಲೆ ನೀರು ಬಿದ್ದಾಗಿತ್ತು. ಮರ ಮೆತ್ತಗಾಗಲಿಲ್ಲ; ಹಬ್ಬದೂಟ ಉಂಡವರ ಹಾಗೆ ಊದಿಕೊಂಡು, ಕೂತಿದ್ದ ಹಲಗೆಗಳೂ ಏಳದಾದವು. ಆಗ ರುದ್ರಯ್ಯನಿಗೆ ಪೌರುಷ ಬಂತು. ಅವನು ಅಂದಿನ ಭೀಮ. ಮೈಯೂ ಪಾರ್ಟಿಗೆ ತಕ್ಕದ್ದೇ. ಲಾರಿಯಿಂದ ತನ್ನ ಮರದ ಗದೆ ತಂದು ಹಲಗೆಯ ಮೇಲೆ ಬೀಸಿ ಹೊಡೆದ. ಗದೆಯ ತಲೆ ಕಳಚಿ ಅಂಗಳ ದಾಟಿ, ಭತ್ತ ಬೇಯಿಸುವ ಹಂಡೆಯೊಳಗೆ ಬಿತ್ತು. ಹಲಗೆ ಇದ್ದಲ್ಲೇ ಇತ್ತು.

ಅದೇ ಹೊತ್ತಿಗೆ ಸಾಹೇಬರ ಜೀಪು ಬಂತು. ಅವರು ಇಳಿಯಲೂ ಇಲ್ಲ. ನಡುವೆ ಹಲ್ಲು ಬಿದ್ದ ಬಾಯಿಯಂತಿದ್ದ ಅಟ್ಟಣೆಯನ್ನು ನೋಡಿದರು, ಜಯರಾಮಯ್ಯನನ್ನು ನೋಡಿದರು, ಕೈಗಡಿಯಾರ ನೋಡಿದರು, ಹೊರಟುಹೋದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ವೀರಭದ್ರಯ್ಯನವರು ಜೀಪಿನ ಧೂಳು ಇಳಿಯುವವರೆಗೆ ಕಾದು, ಪಾವಗಡದಲ್ಲಿ ಬೆಟ್ಟದ ಮೇಲೆ ಕೋಟೆ ಚೆನ್ನಾಗಿದೆಯಂತೆ ಎಂದು ಮೆಲ್ಲಗೆ ಹೇಳಿದರು.

ಜಯರಾಮಯ್ಯ ಅಂಗಳದ ಅಂಚಿನಲ್ಲಿ ತಲೆಯ ಮೇಲೆ ಕೈಯಿಟ್ಟು ಕೂತ. ಅತ್ತ ಆಳುಗಳು ಹಂಡೆಯಿಂದ ಗದೆಯ ತಲೆಯನ್ನು ಎತ್ತಿ, ಮುಚ್ಚಳ ಮುಚ್ಚುತ್ತಿದ್ದರು. ಅವನು ಸುಮ್ಮನೆ ನೋಡುತ್ತಿದ್ದವನು ಸರಕ್ಕನೆ ಎದ್ದುನಿಂತ. ಮುಚ್ಚಳವನ್ನು ಯಾರೂ ಪಕ್ಕದಿಂದ ತೂರಲಿಲ್ಲ. ಮೇಲಿಂದ ಇಟ್ಟರು, ಕೂತಿತು. ಹೆಣ್ಣು ಹಲಗೆಯ ಬಾಯಿಗೆ ಮೇಲ್ದುಟಿ ಯಾತಕ್ಕೆ ಬೇಕು? ಅದನ್ನು ಕೊಯ್ದುಹಾಕಿದರೆ ಗಂಡಿನ ನಾಲಿಗೆ ಮೇಲಿಂದಲೇ ಇಳಿದು ಕೆಳದುಟಿಯ ಮೇಲೆ ಕೂರುತ್ತದೆ!

ಆಮೇಲೆ ಅವನಿಗೆ ಹಸಿವೂ ಆಗಲಿಲ್ಲ, ಬಿಸಿಲೂ ತಾಗಲಿಲ್ಲ. ಹಾರೆ ಹಾಕಿ ಹಲಗೆಗಳನ್ನು ಎಬ್ಬಿಸಿದರು. ಗಿರಣಿಯ ಬಡಗಿಯೊಂದು ಕಡೆ, ತಾನೊಂದು ಕಡೆ ಗರಗಸ ಹಿಡಿದು ಒಂದೊಂದು ಹೆಣ್ಣಿನ ಮೇಲ್ದುಟಿಯನ್ನೂ ಕೊಯ್ದರು. ಕೊನೆಯ ತುಟಿ ಬಿದ್ದಾಗ ಹೊತ್ತು ಪಡುವಣಕ್ಕೆ ವಾಲಿತ್ತು, ದೊಡ್ಡ ಎಂಜಿನಿಯರು ಬಂಗಲೆಯಲ್ಲಿ ಕಾಫಿ ಕುಡಿಯುತ್ತಿದ್ದಾರೆಂದು ಸುದ್ದಿ ಬಂತು. ಜಯರಾಮಯ್ಯ, ಮೊದಲು ಹೆಣ್ಣುಗಳನ್ನೆಲ್ಲ ಜಾಗ ಬಿಟ್ಟು ಸಾಲಾಗಿಡಿ, ನಡುನಡುವೆ ಗಂಡುಗಳನ್ನು ಇಳಿಸಿ ಎಂದಷ್ಟೇ ಹೇಳಿದ. ಎಲ್ಲರೂ ಒಟ್ಟಿಗೆ ನುಗ್ಗಿದರು: ರುದ್ರಯ್ಯ ಒಂದು ಕಡೆಯಿಂದ, ಆಳುಗಳು ಇನ್ನೊಂದು ಕಡೆಯಿಂದ, ಪಂಚೆ ಮೇಲೆ ಕಟ್ಟಿಕೊಂಡ ವೀರಭದ್ರಯ್ಯನವರು ನಡುವಿನಿಂದ. ಎಲ್ಲಿಂದ ಶುರು ಮಾಡಿದರೂ ಕೂತಿತು. ಒಂದು ವೀಳ್ಯ ಜಗಿದು ಮುಗಿಸುವಷ್ಟರಲ್ಲಿ ಅಟ್ಟಣೆ ಎದ್ದು ನಿಂತಿತು. ಅಂಚಿನ ಸಂದುಗಳು ಕಾಣದ ಹಾಗೆ ಮೇಲೆ ಜಮಖಾನ ಹಾಸಿದರು.

ಆಟ ನಡೆಯುವಾಗ ಜಯರಾಮಯ್ಯ ಜನರ ನಡುವೆ ಕೂರಲಾರದೆ ಅಟ್ಟಣೆಯ ಕೆಳಗೇ ನುಸುಳಿ, ಅಂಗೈಯನ್ನು ಹಲಗೆಗೆ ಒತ್ತಿ ಹಿಡಿದಿದ್ದ. ಗದಾಯುದ್ಧದಲ್ಲಿ ಹಗ್ಗ ಸುತ್ತಿದ ಗದೆ ಹಿಡಿದು ರುದ್ರಯ್ಯ ಎಗರಿದಾಗಲೆಲ್ಲ ಇವನ ಜೀವವೂ ಎಗರುತ್ತಿತ್ತು. ಕಿರ್ ಎನ್ನುವ ಸದ್ದೂ ಬರಲಿಲ್ಲ. ದುರ್ಯೋಧನ ಬಿದ್ದ, ನೆಲ ಗಟ್ಟಿಯಿರುವುದು ಗೊತ್ತಾಗಿ, ಎದ್ದು ಮತ್ತೊಮ್ಮೆ ಮನಸ್ಸಿಗೆ ತೃಪ್ತಿಯಾಗುವ ಹಾಗೆ ಬಿದ್ದ.

ಪರದೆ ಇಳಿದ ಮೇಲೆ ದೊಡ್ಡ ಎಂಜಿನಿಯರು ಜಮಖಾನ ಸರಿಸಿ, ಒಂದು ಹಲಗೆಯನ್ನು ತಾವೇ ಎತ್ತಿ ತಾವೇ ಇಟ್ಟು, ಬಹಳ ಜಾಣತನದ ಕೆಲಸ ಎಂದು ಹೊಗಳಿ ಹೋದರು. ಸಾಹೇಬರು ಜಯರಾಮಯ್ಯನನ್ನು ಕರೆಸಿದರು. ಅವರ ಒಂದು ಕಡೆಯ ಮೀಸೆ ಕಳಚಿತ್ತು, ಇನ್ನೊಂದು ಕಡೆಯದು ಇನ್ನೂ ದುರ್ಯೋಧನನದೇ.

"ಇದನ್ನ ಬೇರೆ ಯಾರಾದ್ರೂ ಕೂರಿಸೋಕಾಗತ್ತೇನ್ರೀ?"

"ಯಾರು ಬೇಕಾದ್ರೂ ಕೂರಿಸ್ಬಹುದು ಸಾರ್," ಎಂದ ಜಯರಾಮಯ್ಯ. ಇಡೀ ದಿನದಲ್ಲಿ ಮೊದಲ ಸಲ ಅವನ ಎದೆ ಉಬ್ಬಿತ್ತು. "ನಾನು ಹತ್ರ ಇರೋ ಅಗತ್ಯವೇ ಇಲ್ಲ."

ಸಾಹೇಬರು ನೆಮ್ಮದಿಯಿಂದ ಉಸಿರುಬಿಟ್ಟರು. "ದೊಡ್ಡ ಚಿಂತೆ ಕಳೀತು ಬಿಡಿ. ನೀವು ಹೋದ್ರೆ ಈ ಅಟ್ಟಣೆ ಕೂರಿಸೋರು ಯಾರು ಅಂತಾನೇ ನಿಮ್ಮ ಆರ್ಡರ್ ತಡೆಹಿಡಿದಿದ್ದೆ. ಪಾವಗಡದವರು ಪಾಪ, ಆಗಿನಿಂದ ಕೇಳ್ತಿದಾರೆ. ವೀರಭದ್ರಯ್ಯನೋರೆ, ಫೈಲು ತಂದಿದೀರಾ?"

ವೀರಭದ್ರಯ್ಯನವರು ತಂದಿದ್ದರು. ಸಾಹೇಬರು ಕಾಗದವನ್ನು ಅಟ್ಟಣೆಯ ಮೇಲೇ ಹರಡಿ, ಮೊಣಕೈ ಊರಿ ಸಹಿ ಹಾಕಿದರು. ಹಲಗೆ ಒಂದಿಷ್ಟೂ ಅಲುಗಲಿಲ್ಲ.