ಒಳಗಿನಿಂದ ಕೂಗಿದರೆ ಲೆಕ್ಕಕ್ಕಿಲ್ಲ

ಆ ಭಾನುವಾರ ಗಂಡನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಸೋಫಾದ ಮೇಲೆ ಸಾಲಾಗಿ ಕೂರಿಸಿ ನಾನು ರಾಜಾಜ್ಞೆ ಹೊರಡಿಸಿದೆ.

"ಇವತ್ತಿಂದ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಗಂಟೆ ನಂದು! ಆಗ ನಾನು ಯಾರಿಗೂ ಅಮ್ಮ ಅಲ್ಲ, ಯಾರಿಗೂ ಹೆಂಡ್ತಿ ಅಲ್ಲ. ಆಕಾಶವೇ ಕಳಚಿ ಬಿದ್ರೂ ನನ್ನ ಕರೀಬಾರ್ದು!"

"ಬಿದ್ದ ಆಕಾಶ ಎಲ್ಲಿಡಬೇಕು ಅಂತ ಕೇಳೋಕೂ ಕರೀಬಾರ್ದಾ?" ಎಂದರು ನನ್ನ ಯಜಮಾನರು.

ಅವರದು ಡ್ರೈವಿಂಗ್ ಹೇಳಿಕೊಡುವ ಕೆಲಸ. ಪಕ್ಕದ ಸೀಟಿನಲ್ಲಿ ಯಾರು ಎಷ್ಟೇ ಕಿರುಚಿದರೂ ಅವರ ಮುಖದ ಒಂದು ಗೆರೆಯೂ ಅಲುಗುವುದಿಲ್ಲ. ಆಮೇಲೆ ನಿಧಾನವಾಗಿ ಕೇಳಿದರು, "ನಾವೇನೋ ಕರೆಯಲ್ಲ. ನೀನೇ ಕರೆದ್ರೆ?"

ಪ್ರಶ್ನೆಯಲ್ಲಿ ಹುರುಳಿತ್ತು. ಈ ಹಿಂದೆಯೂ ನಾನು ನೆಮ್ಮದಿ ಹುಡುಕಿಕೊಂಡು ಬಚ್ಚಲುಮನೆ ಸೇರಿದ್ದುಂಟು. ಐದು ನಿಮಿಷ ಕಳೆಯುವುದರೊಳಗೆ ಅಲ್ಲಿಂದಲೇ ಆಡಳಿತ ಶುರು. "ಹಾಲು ಇಳಿಸಿದ್ರಾ?" "ಹೋಂವರ್ಕ್ ಆಯ್ತೇನೇ?" "ಬಟ್ಟೆ ತೆಗೀರಿ, ಮೋಡ ಆಗಿದೆ!" ಒಮ್ಮೆ ಯಾರೂ ಓಗೊಡಲಿಲ್ಲವೆಂದು "ಗ್ಯಾಸ್ ವಾಸನೆ ಬರ್ತಿದೆ!" ಎಂದು ಶುದ್ಧ ಸುಳ್ಳನ್ನೂ ಬಿಟ್ಟಿದ್ದೆ.

ಹಾಗಾಗಿ ನಾನೇ ಕಾನೂನು ತಂದೆ. "ಒಳಗಿಂದ ನಾನು ಏನೇ ಕೂಗಿದ್ರೂ ಲೆಕ್ಕಕ್ಕಿಲ್ಲ. ಯಾರೂ ಬಾಗಿಲ ಹತ್ರ ಬರ್ಬಾರ್ದು. ಮಾತು ಕೊಡಿ!" ಮೂವರೂ ನನ್ನ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಚಿಕ್ಕವಳು ಎರಡೂ ಕೈ ಇಟ್ಟಳು.

ನನಗೇಕೆ ಈ ಹಟ ಅಂತೀರಾ? ನಾನು ನಲ್ಲಿ ನೀರಿನ ದೂರು ವಿಭಾಗದಲ್ಲಿ ಫೋನೆತ್ತುವವಳು. ಬೆಳಗಿನಿಂದ ಸಂಜೆಯವರೆಗೆ ಊರಿನ ಒಣಗಿದ ನಲ್ಲಿಗಳೆಲ್ಲ ನನ್ನ ಕಿವಿಯಲ್ಲೇ ಬುಸುಗುಡುತ್ತವೆ. "ನಿಮ್ಮ ಕರೆ ನಮಗೆ ಬಹಳ ಮುಖ್ಯ. ದಯವಿಟ್ಟು ಕಾಯಿರಿ" ಎನ್ನುವುದು ನನ್ನ ಅನ್ನದ ಮಾತು. ಮನೆಗೆ ಬಂದರೆ ಸಾಕ್ಸ್ ಎಲ್ಲಿ, ರಬ್ಬರ್ ಎಲ್ಲಿ, ಚಾರ್ಜರ್ ಎಲ್ಲಿ! ದಿನವಿಡೀ ಎಲ್ಲರೂ ನನ್ನ ಜೊತೆ ಮಾತಾಡುತ್ತಾರೆ. ನನ್ನನ್ನು ಮಾತಾಡಿಸುವವರು ಮಾತ್ರ ಒಬ್ಬರೂ ಇಲ್ಲ.

ಸರಿ, ಫೋನನ್ನು ಹೊರಗೇ ಬಿಟ್ಟು, ಒಂದು ಟಬ್ಬು ಬಿಸಿನೀರು, ಒಂದು ಸ್ಟೂಲು, ಮೊದಲ ಪುಟ ದಾಟದ ಕಾದಂಬರಿ ಸಮೇತ ಬಚ್ಚಲುಮನೆಯ ಸಾಮ್ರಾಜ್ಯ ಪ್ರವೇಶಿಸಿ ಬಾಗಿಲು ಲಾಕ್ ಮಾಡಿದೆ. ಮುಖಕ್ಕೆ ಮಣ್ಣಿನ ಫೇಸ್ ಪ್ಯಾಕ್ ಮೆತ್ತಿ, ಕಾಲನ್ನು ಬಿಸಿನೀರಿಗಿಳಿಸಿ ಕೂತೆ. ಆಹಾ!

ಆ ಆಹಾ ಬಹಳ ಹೊತ್ತು ಬಾಳಲಿಲ್ಲ. ಮನೆ ನಿಶ್ಶಬ್ದವಾಗಿತ್ತು. ಹಾಲು ಉಕ್ಕಲಿಲ್ಲ, ಲೋಟ ಒಡೆಯಲಿಲ್ಲ. ನಾನಿಲ್ಲದೆ ಎಲ್ಲವೂ ಸಲೀಸಾಗಿ ನಡೆಯುತ್ತಿತ್ತು! ನನಗದು ಸ್ವಲ್ಪವೂ ಸರಿಬರಲಿಲ್ಲ. ಕನ್ನಡಿ ನೋಡಿಕೊಂಡು, "ಹೇಗಿದ್ದೀಯಮ್ಮಾ?" ಎಂದು ನನ್ನನ್ನೇ ಕೇಳಿದೆ. ಸಾಕಪ್ಪಾ ಈ ಏಕಾಂತ ಎಂದು ಎದ್ದು ಲಾಕಿನ ಹಿಡಿ ತಿರುಗಿಸಿದೆ.

ಹಿಡಿ ಕಿತ್ತು ಕೈಗೆ ಬಂತು. ಬಾಗಿಲು ಬರಲಿಲ್ಲ.

"ರೀ! ಬಾಗಿಲು ತೆಗೀರಿ! ಲಾಕು ಕಿತ್ತುಹೋಗಿದೆ!"

ಹಾಲ್‌ನಿಂದ ಯಜಮಾನರ ಮೆಚ್ಚುಗೆಯ ದನಿ ಬಂತು. "ಪರವಾಗಿಲ್ವೇ, ಈ ಸಲ ಹತ್ತು ನಿಮಿಷ ತಡ್ಕೊಂಡಿದ್ದಾಳೆ!"

"ತಮಾಷೆ ಅಲ್ಲಾರೀ! ಹಿಡಿ ನನ್ನ ಕೈಯಲ್ಲೇ ಇದೆ!"

"ಹೋದ ಸಲ ಗ್ಯಾಸ್ ವಾಸನೆ, ಈ ಸಲ ಹಿಡಿ. ನಿಯಮ ಅಂದ್ರೆ ನಿಯಮ ಕಣೇ. ಆರಾಮಾಗಿರು."

"ದೊಡ್ಡೋಳೇ, ನೀನಾದ್ರೂ ಬಾರೇ!"

ದೊಡ್ಡವಳು ಗಂಟಲು ಸರಿಮಾಡಿಕೊಂಡು ಥೇಟ್ ನನ್ನದೇ ದನಿಯಲ್ಲಿ ಹೇಳಿದಳು, "ನಿಮ್ಮ ಕರೆ ನಮಗೆ ಬಹಳ ಮುಖ್ಯ. ದಯವಿಟ್ಟು ಕಾಯಿರಿ."

ಮೂವರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಯಜಮಾನರ ತೀರ್ಪು. "ನಾವು ಮನೇಲಿದ್ರೆ ಇವಳು ಸುಮ್ನಿರಲ್ಲ. ನಡೀರಿ, ಪಾರ್ಕಿಗೆ ಹೋಗೋಣ. ಪಾಪ, ಒಂದು ಗಂಟೆಯಾದ್ರೂ ನೆಮ್ಮದಿಯಾಗಿರ್ಲಿ." ಚಪ್ಪಲಿಗಳ ಸದ್ದು. ಮುಂಬಾಗಿಲು ಮುಚ್ಚಿದ ಸದ್ದು.

ನಾನು ಸ್ಟೂಲು ಹತ್ತಿ ಸಣ್ಣ ಕಿಟಕಿಗೆ ಬಾಯಿಟ್ಟೆ. ಮೇಲಿನ ಮನೆಯ ಅಜ್ಜಿ ಮೆಟ್ಟಿಲಿಳಿಯುತ್ತಿದ್ದರು.

"ಅಜ್ಜೀ! ಒಳಗೆ ಸಿಕ್ಕಿಹಾಕ್ಕೊಂಡಿದೀನಿ!"

"ಗೊತ್ತಮ್ಮಾ, ಗೊತ್ತು. ನಿಮ್ಮೆಜಮಾನ್ರು ಈಗಷ್ಟೇ ಹೇಳಿ ಹೋದ್ರು, ಏನು ಕೂಗಿದ್ರೂ ಕಿವಿಗೆ ಹಾಕ್ಕೋಬೇಡಿ ಅಂತ. ಎಂಥಾ ಒಳ್ಳೇ ಗಂಡ! ಪುಣ್ಯ ಮಾಡಿದ್ದೆ ಬಿಡು!"

ಅಜ್ಜಿಯೂ ಹೋದರು. ನನಗೆ ಬೇಕಿದ್ದ ಏಕಾಂತ ಬಡ್ಡಿ ಸಮೇತ ಸಿಕ್ಕಿತು. ಟಬ್ಬಿನ ನೀರು ತಣ್ಣಗಾಯಿತು. ಮುಖದ ಮಣ್ಣು ಗಟ್ಟಿಯಾಗಿ ಬಾಯಿ ತೆರೆಯುವುದೂ ಕಷ್ಟವಾಯಿತು. ಕಾದಂಬರಿ ತೆರೆದರೆ ಒಂದು ಸಾಲೂ ತಲೆಗೆ ಹೋಗಲಿಲ್ಲ. ಆಗ ಅತ್ತುಬಿಟ್ಟೆ, ಮರೆಮಾಚುವುದೇನು! ನನಗೆ ಬೇಕಾಗಿದ್ದದ್ದು ಒಬ್ಬಳೇ ಇರುವ ಒಂದು ಗಂಟೆಯಲ್ಲ. ಅದು ನನ್ನ ಹತ್ತಿರ ಮೊದಲೇ ಬೇಕಾದಷ್ಟಿತ್ತು, ಮನೆ ತುಂಬ ಜನರ ನಡುವೆಯೇ. ಪಕ್ಕದಲ್ಲಿ ಕೂತು ಏನೇ ಸಮಾಚಾರ ಎಂದು ಕೇಳುವವರು ಒಬ್ಬರು ಬೇಕಿತ್ತು, ಅಷ್ಟೇ.

ಕೊನೆಗೂ ಮುಂಬಾಗಿಲು ತೆರೆಯಿತು. ಚಿಕ್ಕವಳ ಓಟ ಕೇಳಿಸಿತು. "ಅಮ್ಮಾ, ಅರ್ಜೆಂಟ್! ಅಮ್ಮಾ, ಬಾಗ್ಲು!" ನಮ್ಮ ಮನೆಗೆ ಇರುವುದೇ ಒಂದು ಬಚ್ಚಲು. ನನ್ನ ಅಷ್ಟೂ ಕೂಗಿಗೆ ಜಗ್ಗದ ಕಾನೂನು ಅವಳ ಒಂದು ಅರ್ಜೆಂಟಿಗೆ ಮುರಿದುಬಿತ್ತು. ಎಷ್ಟು ತಳ್ಳಿದರೂ ಬಾಗಿಲು ತೆರೆಯದಾಗ ಯಜಮಾನರು ಸ್ಕ್ರೂಡ್ರೈವರ್ ತಂದು ಹೊರಗಿನಿಂದ ಲಾಕು ಬಿಚ್ಚಿದರು. ಅವಳು ಒಳಗೆ ಓಡಿದಳು. ಬಿರುಕುಬಿಟ್ಟ ಮುಖ ಹೊತ್ತು, ಹಿಡಿಯನ್ನು ಕೈಯಲ್ಲಿ ಹಿಡಿದು ನಾನು ಹೊರಗೆ ಬಂದೆ.

"ಅಯ್ಯೋ, ನಿಜವಾಗ್ಲೂ ಕಿತ್ತುಹೋಗಿತ್ತಾ!" ಎಂದರು ಯಜಮಾನರು.

"ಒಬ್ರಾದ್ರೂ ಬಂದ್ರಾ? ಇವತ್ತಿಂದು ಬಿಡಿ, ಯಾವತ್ತಾದ್ರೂ ಒಂದು ದಿನ ಹೇಗಿದ್ದೀಯಾ ಅಂತ ಕೇಳಿದ್ರಾ?"

ಅವರು ನಗಲಿಲ್ಲ. ಸ್ಕ್ರೂಡ್ರೈವರನ್ನು ಜೇಬಿಗಿಳಿಸಿ ಮೆಲ್ಲಗೆ ಹೇಳಿದರು, "ನೀನು ನನ್ನ ಕರೆಯೋದು ಯಾವಾಗ್ಲೂ ಏನಾದ್ರೂ ಕೆಲಸ ಹೇಳೋಕೇ ಕಣೇ. ಒಂದು ದಿನ ಸುಮ್ನೆ ಕರೆದು ನೋಡು. ಓಡಿ ಬರ್ತೀನಿ. ನಾನೂ ಕಾಯ್ತಾನೇ ಇದೀನಿ."

ನಾನು ಕೈಯಲ್ಲಿದ್ದ ಹಿಡಿಯನ್ನು ಅವರ ಕೈಗಿಟ್ಟೆ. ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು. "ಅಮ್ಮಾ... ಆಯ್ತೂ!"

ಇವತ್ತು ಮತ್ತೆ ಭಾನುವಾರ. ಹಿಡಿ ಇನ್ನೂ ಹಾಕಿಸಿಲ್ಲ, ಬಾಗಿಲು ಅರ್ಧ ತೆರೆದೇ ಇದೆ. ಕಾಲು ಬಿಸಿನೀರಿನಲ್ಲಿದೆ. ಈ ಸಲ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಟ್ಟಿದ್ದೇನೆ. ನಾಚಿಕೆ ಬಿಟ್ಟು ಕರೆದೆ.

"ರೀ... ಕೆಲಸ ಏನಿಲ್ಲ. ಸುಮ್ನೆ ಕರೆದೆ."

ಹಾಲ್‌ನಲ್ಲಿ ಪಿಸುಪಿಸು. "ಕೇಳಿದ್ಯಾ ಅಪ್ಪಾ, ಹೊಸ ಟ್ರಿಕ್ಕು!" ಆಮೇಲೆ ದೊಡ್ಡವಳ ಸ್ಪಷ್ಟ ದನಿ.

"ನಿಮ್ಮ ಕರೆ ನಮಗೆ ಬಹಳ ಮುಖ್ಯ. ದಯವಿಟ್ಟು ಕಾಯಿರಿ."

ಕಾಯುತ್ತಿದ್ದೇನೆ.